ಮುಳುಗಿದ ಊರಿನ ಮೇಲೊಂದು ಹಾರಾಟ

ಬಾಗಲಕೋಟೆಯ ಕಡೆಯಿಂದ ವಿಜಯಪುರದತ್ತ ಸಾಗುವ ಹೆದ್ದಾರಿಯಲ್ಲಿ ಘಟಪ್ರಭೆಗೆ ಅಡ್ಡಲಾಗಿ ಅನಗವಾಡಿಯ ಸೇತುವೆಯಿದೆ. ವರ್ಷದಲ್ಲಿ ಎರಡು ಸಲ ಅದನ್ನು ದಾಟಿದವರಿಗೆ ತಾವು ಕಂಡದ್ದು ಒಂದೇ ನದಿಯೆಂದು ನಂಬುವುದು ಕಷ್ಟ. ಶ್ರಾವಣ ಕಳೆದ ಮೇಲೆ ಹೋದರೆ ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ನೀರೇ ನೀರು. ವೈಶಾಖದಲ್ಲಿ ಹೋದರೆ ಆ ಕಡಲು ಹಿಂದೆ ಸರಿದು, ನದಿಯು ತನ್ನ ಹಳೆಯ ಪಾತ್ರದಲ್ಲಿ ಬಡವಾಗಿ ಹರಿಯುತ್ತಿರುತ್ತದೆ. ಇಕ್ಕೆಲಗಳಲ್ಲಿ ಬಿರುಕು ಬಿಟ್ಟ ಎರೆಮಣ್ಣು ಹಾಸಿಕೊಂಡಿರುತ್ತದೆ. ಆ ಮಣ್ಣಿನಲ್ಲಿ ಅಲ್ಲಲ್ಲಿ ಗೋಡೆಗಳ ಬುಡ, ಕಲ್ಲಿನ ಕಂಬ, ಗುಡಿಯ ಕಟ್ಟೆ ತಲೆಯೆತ್ತಿ ನಿಂತಿರುತ್ತವೆ. ಹೊರಗಿನವರ ಕಣ್ಣಿಗೆ ಅವು ಕಲ್ಲುಗುಪ್ಪೆಗಳು. ನಮಗೆ ಅವು ನಮ್ಮ ಊರುಗಳು.

ಅಂಥ ಊರುಗಳಲ್ಲೊಂದನ್ನು ಕಳೆದ ಬಸವ ಜಯಂತಿಯ ಮರುದಿನ ನಾವು ಆಕಾಶದಿಂದ ಕಂಡೆವು. ನಾವಾರೂ ನೆಲ ಬಿಟ್ಟು ಮೇಲೇರಲಿಲ್ಲ. ಒಂದು ಕಿಲೋಗ್ರಾಂ ತೂಕವೂ ಇಲ್ಲದ ಪುಟ್ಟ ವಿಮಾನವೊಂದು ನಮ್ಮ ಪರವಾಗಿ ಏರಿ ನೋಡಿಕೊಂಡು ಬಂದಿತು. ಆ ಬೆಳಗಿನ ಅನುಭವವನ್ನು ಓದುಗ ಬಂಧುಗಳ ಮುಂದಿಡುವುದೇ ಈ ಬರಹದ ಉದ್ದೇಶ.

ನೀರು ಬಂದ ಬಗೆ

ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟುವ ಕಾರ್ಯಕ್ಕೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಕಾಮಗಾರಿ ದಶಕಗಳ ಕಾಲ ನಡೆಯಿತು. ರಾಜ್ಯ ರಾಜ್ಯಗಳ ನಡುವಣ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2000ದ ಏಪ್ರಿಲ್‌ನಲ್ಲಿ ತೀರ್ಪು ನೀಡಿ, ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರದವರೆಗೆ ನೀರು ನಿಲ್ಲಿಸಲು ಅನುಮತಿಯಿತ್ತಿತು. ಅಣೆಕಟ್ಟೆಯಿಂದ ಎಷ್ಟೋ ದೂರದಲ್ಲಿದ್ದ ಘಟಪ್ರಭೆಯ ದಂಡೆಯ ಊರುಗಳಿಗೂ ಹಿನ್ನೀರು ಏರಿ ಬಂದಿತು. ಹಳೆಯ ಬಾಗಲಕೋಟೆಯ ಒಂದು ಭಾಗ ಮುಳುಗಿ ನವನಗರ ಎದ್ದಿತು. ಹಳ್ಳಿಗಳ ಜನ ದಿನ್ನೆಯ ಮೇಲಿನ ಪುನರ್ವಸತಿ ಕೇಂದ್ರಗಳಿಗೆ ಹೋದರು. ಆ ನೀರಿನಿಂದ ವಿಜಯಪುರ, ಕಲಬುರಗಿ, ಯಾದಗಿರಿ, ರಾಯಚೂರುಗಳ ಒಣನೆಲ ಹಸಿರಾಯಿತೆಂಬುದನ್ನು ನಾವು ಮರೆತಿಲ್ಲ. ನಮ್ಮ ಕಡೆಯಲ್ಲಿ ಏನು ಹೋಯಿತೆಂಬುದನ್ನು ಮರೆಯುವುದೂ ನಮ್ಮಿಂದ ಆಗಿಲ್ಲ.

ನಮ್ಮ ಮನೆತನ 1999ರಲ್ಲಿ ಊರು ಬಿಟ್ಟಿತು. ತೊಲೆ, ಕಂಬ, ಬಾಗಿಲು, ಹೊಸ್ತಿಲುಗಳನ್ನು ಕಳಚಿ ಎತ್ತಿನ ಬಂಡಿಯಲ್ಲಿ ಹೇರಿಕೊಂಡು ಹೋದೆವು. ಒಯ್ಯಲಾಗದೆ ಉಳಿದದ್ದು ಒಂದೇ: 1987ರಲ್ಲಿ ಲಿಂಗೈಕ್ಯರಾದ ನಮ್ಮ ತಂದೆಯವರ ಸಮಾಧಿ. ನಮ್ಮ ಸಂಪ್ರದಾಯದಂತೆ ಅವರನ್ನು ನಮ್ಮದೇ ಹೊಲದ ಅಂಚಿನಲ್ಲಿ ಮಣ್ಣಿಗಿಟ್ಟು, ಮೇಲೆ ಲಿಂಗಮುದ್ರೆಯ ಒಂದು ಚಿಕ್ಕ ಕಲ್ಲನ್ನು ನಿಲ್ಲಿಸಿದ್ದೆವು. ಮುಂದಿನ ಬೇಸಿಗೆಗಳಲ್ಲಿ ನೀರು ಸರಿದಾಗಲೆಲ್ಲ ಅಣ್ಣನೂ ನಾನೂ ಹೋಗಿ ಹುಡುಕಿದ್ದುಂಟು. ಆದರೆ ಪ್ರತಿ ವರ್ಷದ ಹೊಳೆ ಹೊಸ ಹೂಳನ್ನು ತಂದು ಹಾಸುತ್ತದೆ. ಗೌಡರ ಕಲ್ಲುಬಾವಿಯಿಂದ ಹೆಜ್ಜೆ ಎಣಿಸಿ ಎಷ್ಟು ಕಡೆ ಅಗೆದರೂ ನಮಗೆ ಕಲ್ಲು ಸಿಗಲಿಲ್ಲ. ಕಲ್ಲು ಸಿಕ್ಕರೆ ಅದನ್ನು ಹೊಸ ಊರಿಗೆ ಒಯ್ದು ಪ್ರತಿಷ್ಠಾಪಿಸಬೇಕೆಂಬುದು ಅಣ್ಣನ ಸಂಕಲ್ಪ. ಮಣ್ಣಿಗೆ ಕೊಟ್ಟದ್ದನ್ನು ಕದಲಿಸಬಾರದೆಂಬುದು ನನ್ನ ವಾದ. ಸಿಗದ ಕಲ್ಲಿಗಾಗಿ ಅಣ್ಣ ತಮ್ಮಂದಿರು ಮಾತು ಬಿಟ್ಟ ದಿನಗಳೂ ಇದ್ದವು. ಎಂಬತ್ತನಾಲ್ಕರ ನಮ್ಮ ತಾಯಿಯವರು ಯಾರ ಪಕ್ಷವನ್ನೂ ವಹಿಸದೆ, “ಒಮ್ಮಿ ನಾ ನೋಡಬೇಕ್ರಪಾ” ಎಂದಷ್ಟೇ ಹೇಳುತ್ತಿದ್ದರು. ಬಿರುಕು ಬಿದ್ದ ಆ ನೆಲದ ಮೇಲೆ ಅವರನ್ನು ನಡೆಸುವ ಧೈರ್ಯ ನಮಗಿರಲಿಲ್ಲ.

ಪುಟ್ಟ ವಿಮಾನ

ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗನಿಗೆ ರೇಡಿಯೋ ವಿಮಾನ ಹಾರಿಸುವ ಹವ್ಯಾಸ. ಥರ್ಮಾಕೋಲಿನ ಜಾತಿಯದೇ ಆದರೂ ಅದಕ್ಕಿಂತ ಗಟ್ಟಿಯಾದ ಹಗುರ ವಸ್ತುವಿನಿಂದ ಮಾಡಿದ ವಿಮಾನವದು. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಾಲ್ಕು ಅಡಿ, ತೂಕ 900 ಗ್ರಾಂ. ಹಿಂಬದಿಯಲ್ಲಿ ತಿರುಗುವ ಪಂಖ ಅದನ್ನು ಮುಂದಕ್ಕೆ ತಳ್ಳುತ್ತದೆ. ಮೂಗಿನಲ್ಲಿ ಹೆಬ್ಬೆರಳ ಉಗುರಿನಷ್ಟಗಲದ ಕ್ಯಾಮೆರಾ. ಅದು ಕಂಡದ್ದನ್ನು ಚಿಕ್ಕದೊಂದು ಪ್ರೇಷಕ ಯಂತ್ರವು ಅಲೆಗಳ ಮೂಲಕ ಕೆಳಗೆ ಕಳಿಸುತ್ತದೆ. ನೆಲದ ಮೇಲೆ ನಿಂತವನು ಕಣ್ಣಿಗೆ ಗಾಗಲ್ಸ್ ಕಟ್ಟಿಕೊಂಡು ಆ ಚಿತ್ರವನ್ನು ನೋಡುತ್ತ, ಕೈಯಲ್ಲಿರುವ ರಿಮೋಟಿನ ಎರಡು ಕಡ್ಡಿಗಳನ್ನು ಸರಿಸಿ ವಿಮಾನವನ್ನು ನಡೆಸುತ್ತಾನೆ. ಹಾರಿಸುವವನು ತಾನೇ ವಿಮಾನದ ಮೂಗಿನಲ್ಲಿ ಕುಳಿತಿದ್ದೇನೆಂಬಂತೆ ಕಾಣುವ ಈ ಪದ್ಧತಿಗೆ ಎಫ್‌ಪಿವಿ ಎಂದು ಹೆಸರು. ಎತ್ತರ, ದೂರ, ಬ್ಯಾಟರಿಯ ಶಕ್ತಿ, ಅಕ್ಷಾಂಶ ರೇಖಾಂಶಗಳು ಚಿತ್ರದ ಅಂಚಿನಲ್ಲಿ ಅಂಕಿಗಳಾಗಿ ಮೂಡುತ್ತಿರುತ್ತವೆ. ಸಂಪರ್ಕ ಕಡಿದರೆ ತಾನಾಗಿಯೇ ಹೊರಟ ಸ್ಥಳಕ್ಕೆ ಮರಳುವಂತೆಯೂ ಅದಕ್ಕೆ ಕಲಿಸಿಟ್ಟಿರುತ್ತಾರೆ.

ಇದು ಮಕ್ಕಳಾಟಿಕೆಯಂತೆ ತೋರಿದರೂ ಕಾನೂನಿಗೆ ಹೊರತಲ್ಲ. 2021ರ ಆಗಸ್ಟಿನಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂಗಿಂತ ಹೆಚ್ಚು, 2 ಕಿಲೋಗ್ರಾಂವರೆಗೆ ತೂಗುವಂಥವು ‘ಮೈಕ್ರೋ’ ವರ್ಗಕ್ಕೆ ಸೇರುತ್ತವೆ. ಅವಕ್ಕೆ ನೋಂದಣಿ ಸಂಖ್ಯೆ ಬೇಕು. ಸರಕಾರದ ಭೂಪಟದಲ್ಲಿ ಹಸಿರೆಂದು ತೋರಿಸಿದ ವಲಯದಲ್ಲಿ 400 ಅಡಿಯವರೆಗೆ ಹಾರಿಸಬಹುದು. ನಮ್ಮ ಹುಡುಗ ಭೂಪಟ ನೋಡಿ, ಅಣೆಕಟ್ಟಿನಿಂದ ಬಹುದೂರದ ಸ್ಥಳವೆಂದು ಖಚಿತಪಡಿಸಿಕೊಂಡು, ಠಾಣೆಗೂ ಪಂಚಾಯತಿಗೂ ಮುಂಚಿತವಾಗಿ ತಿಳಿಸಿಯೇ ಬಂದಿದ್ದನು. ಗಾಗಲ್ಸ್ ಕಟ್ಟಿಕೊಂಡವನಿಗೆ ವಿಮಾನವೂ ಕಾಣುವುದಿಲ್ಲ, ಸುತ್ತಲ ಆಕಾಶವೂ ಕಾಣುವುದಿಲ್ಲ. ಆದ್ದರಿಂದ ಪಕ್ಕದಲ್ಲಿ ಇನ್ನೊಬ್ಬನು ನಿಂತು ಬರಿಗಣ್ಣಿನಿಂದ ವಿಮಾನವನ್ನು ಕಾಯುತ್ತಿರಬೇಕು. ಆ ಕೆಲಸ ನನ್ನ ಪಾಲಿಗೆ ಬಂದಿತು.

“ಕಾಕಾ, ನೀವು ಚಿತ್ರ ನೋಡಬ್ಯಾಡ್ರಿ. ವಿಮಾನದ ಮ್ಯಾಲಿನ ಕಣ್ಣು ತಗೀಬ್ಯಾಡ್ರಿ” ಎಂದು ಅವನು ಎರಡು ಸಲ ಹೇಳಿದನು.

ಬೆಳಗಿನ ಓರೆಬಿಸಿಲು

ಹಾರಾಟಕ್ಕೆ ಸೂರ್ಯೋದಯದ ವೇಳೆಯನ್ನೇ ಆರಿಸಲು ಎರಡು ಕಾರಣಗಳಿದ್ದವು. ಹೊತ್ತೇರಿದಂತೆ ಬಯಲಿನಲ್ಲಿ ಗಾಳಿ ಏಳುತ್ತದೆಂಬುದು ಒಂದು. ಓರೆಯಾಗಿ ಬೀಳುವ ಬಿಸಿಲಿನಲ್ಲಿ ನೆಲದ ಗೇಣೆತ್ತರದ ಉಬ್ಬೂ ಉದ್ದನೆಯ ನೆರಳು ಚೆಲ್ಲುತ್ತದೆಂಬುದು ಇನ್ನೊಂದು. ನೆಲದ ಮೇಲೆ ನಿಂತವನಿಗೆ ಅರ್ಥವಾಗದ ಗೆರೆಗಳು ಮೇಲಿನಿಂದ ನೋಡಿದಾಗ ಗೋಡೆಯಾಗಿ, ಓಣಿಯಾಗಿ ಕೂಡಿಕೊಳ್ಳುತ್ತವೆ. ಇಂಗ್ಲೆಂಡಿನಲ್ಲಿ ಓ. ಜಿ. ಎಸ್. ಕ್ರಾಫರ್ಡ್ ಮತ್ತು ಅಲೆಕ್ಸಾಂಡರ್ ಕೀಲರ್ ಎಂಬವರು 1924ರಲ್ಲಿ ವಿಮಾನವೇರಿ ಪ್ರಾಚೀನ ನೆಲೆಗಳ ಚಿತ್ರ ತೆಗೆದು, 1928ರಲ್ಲಿ ಅವನ್ನು ಗ್ರಂಥವಾಗಿ ಪ್ರಕಟಿಸಿದರು. ಪುರಾತತ್ತ್ವಜ್ಞರು ಅಂದಿನಿಂದ ಬಳಸುತ್ತ ಬಂದ ಉಪಾಯವೇ ಇದು. ಮಣ್ಣು ತುಂಬಿದ ಹಳೆಯ ಗುಂಡಿ, ಬಾವಿಗಳಲ್ಲಿ ತೇವ ಹೆಚ್ಚು ಕಾಲ ನಿಲ್ಲುವುದರಿಂದ ಅಲ್ಲಿಯ ಹುಲ್ಲು ಸುತ್ತಲಿಗಿಂತ ಹಸಿರಾಗಿರುತ್ತದೆಂಬುದು ಅವರು ಬಲ್ಲ ಇನ್ನೊಂದು ಗುಟ್ಟು. ಆ ಎರಡನೆಯ ಗುಟ್ಟು ನಮ್ಮ ಪಾಲಿಗೆ ಎಷ್ಟು ದೊಡ್ಡದಾಗಲಿದೆಯೆಂದು ಆಗ ನನಗೆ ತಿಳಿದಿರಲಿಲ್ಲ.

ತಾಯಿಯವರು ನಸುಕಿನಲ್ಲೇ ಎದ್ದು, ಮಿಂದು, ಇಷ್ಟಲಿಂಗ ಪೂಜೆಯನ್ನು ಮುಗಿಸಿಯೇ ಹೊರಟರು. ಗಟ್ಟಿನೆಲ ಮುಗಿದು ಹೂಳು ಆರಂಭವಾಗುವ ಅಂಚಿನವರೆಗೆ ಟ್ರ್ಯಾಕ್ಟರಿನ ದಾರಿಯಿದೆ. ಅಲ್ಲಿ ಜಾಲಿಯ ಗಿಡದ ಕೆಳಗೆ ಅವರಿಗೊಂದು ಕುರ್ಚಿ ಹಾಕಿದೆವು. ಹಳೆಯ ಊರು ಅಲ್ಲಿಂದ ಅರ್ಧ ಕಿಲೋಮೀಟರೂ ಇಲ್ಲ. ದೂರದಲ್ಲಿ ನೀರಿನ ಅಂಚಿಗೆ ರಾಜಹಂಸಗಳ ಗುಂಪೊಂದು ಮೇಯುತ್ತಿತ್ತು. ಆ ದಿಕ್ಕಿಗೆ ವಿಮಾನವನ್ನು ಒಯ್ಯಬಾರದೆಂದು ಮೊದಲೇ ನಿಶ್ಚಯಿಸಿಕೊಂಡೆವು.

ಅಷ್ಟರಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಬಂದು ವಿಮಾನವನ್ನು ದಿಟ್ಟಿಸಿ, “ಮತ್ತ ಅಳತಿ ಮಾಡಾಕ ಬಂದೀರೇನ್ರಿ?” ಎಂದು ಕೇಳಿದರು. ಅವರ ಅಂಜಿಕೆ ಸುಳ್ಳಿನದಲ್ಲ. ಎರಡನೆಯ ಕೃಷ್ಣಾ ನ್ಯಾಯಾಧಿಕರಣವು 2010ರಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿಗೆಯಿತ್ತಂದಿನಿಂದ, ಒಮ್ಮೆ ಎದ್ದು ಹೋದ ಜನಕ್ಕೆ ಇನ್ನೊಮ್ಮೆ ಏಳಬೇಕಾದೀತೆಂಬ ಚಿಂತೆ ತಪ್ಪಿಲ್ಲ. ಇದು ಸರಕಾರದ ಅಳತೆಯಲ್ಲ, ನಮ್ಮ ಅವ್ವನಿಗೆ ಊರು ತೋರಿಸಲು ಬಂದಿದ್ದೇವೆ ಎಂದು ತಿಳಿಸಿದೆ. ಅವರು ಕೋಲೂರಿ ಅಲ್ಲಿಯೇ ಕುಳಿತರು. ಅವರ ಊರೂ ಆಚೆಯ ನೀರಿನಲ್ಲಿತ್ತು.

ಅವ್ವ ಕಂಡ ಊರು

ಗಾಗಲ್ಸ್ ಎರಡಿದ್ದವು. ವಿಮಾನ ಕಳಿಸುವ ಚಿತ್ರವನ್ನು ಅದೇ ಚಾನೆಲಿಗೆ ಹೊಂದಿಸಿದ ಎಷ್ಟು ಗಾಗಲ್ಸ್‌ಗಳಿಂದಲಾದರೂ ನೋಡಬಹುದು. ಒಂದನ್ನು ಹುಡುಗ ಕಟ್ಟಿಕೊಂಡನು; ಇನ್ನೊಂದನ್ನು ಆಯಿಯ ಕಣ್ಣಿಗೆ, ಸೆರಗಿನ ಮೇಲಿಂದಲೇ, ಮೆಲ್ಲಗೆ ಕಟ್ಟಿದನು. ಅಣ್ಣ ವಿಮಾನವನ್ನು ಗಾಳಿಗೆದುರಾಗಿ ಎಸೆದನು. ಅದು ಒಮ್ಮೆ ತುಸು ಕುಗ್ಗಿ, ತಡವರಿಸಿ, ಮೇಲೆದ್ದಿತು. ಅವ್ವ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು “ಶಿವಾ” ಎಂದರು.

ಅರವತ್ತು ಮೀಟರ್ ಎತ್ತರದಲ್ಲಿ ವಿಮಾನವು ನೆಟ್ಟಗಾಯಿತು. ನಾನು ಅದರ ಬಿಳಿಯ ರೆಕ್ಕೆಯ ಮೇಲೆ ಕಣ್ಣಿಟ್ಟು ನಿಂತಿದ್ದೆ. ಆದ್ದರಿಂದ ಆ ಬೆಳಗು ನಾನು ನನ್ನ ಊರನ್ನು ಮೊದಲು ಕಂಡದ್ದು ಕಣ್ಣಿನಿಂದಲ್ಲ, ಅವ್ವನ ಮಾತಿನಿಂದ.

ಮೊದಲು ಬಹಳ ಹೊತ್ತು ಅವರು ಏನೂ ಹೇಳಲಿಲ್ಲ. ಆಮೇಲೆ, “ಇದು ಅಗಸಿ” ಎಂದರು. ಊರಬಾಗಿಲಿನ ಎರಡು ಹುಡೇವುಗಳ ಬುಡ ಕಂಡಿತ್ತು. ಅಗಸಿ ಸಿಕ್ಕ ಮೇಲೆ ಊರೆಲ್ಲ ಅವರಿಗೆ ಬಿಚ್ಚಿಕೊಂಡಿತು. “ಇದು ಮಠದ ಓಣಿ. ಈ ದುಂಡನ್ನ ಕುಣಿ ಅದಾವಲ್ಲ, ಅವು ಹಗೇವು.” ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜಗಳ ಬಾಯಿಗಳು ಸಾಲಾಗಿ ಕಾಣುತ್ತಿದ್ದವಂತೆ. ಯಾವ ಹಗೇವು ಯಾರ ಮನೆಯದೆಂದು ಅವರು ಒಂದೊಂದಾಗಿ ಹೇಳುತ್ತ ಹೋದರು. ಮನೆಗಳ ಮೇಲ್ಮುದ್ದೆ ಹೋಗಿತ್ತು, ಗೋಡೆ ಹೋಗಿತ್ತು. ಆದರೆ ಮನೆ ಮನೆಯ ನಡುವಿನ ಗೆರೆ ಮಾತ್ರ ಉಳಿದಿತ್ತು, ಅವರಿಗೆ ಅಷ್ಟೇ ಸಾಕಾಗಿತ್ತು.

“ಎಡಕ್ಕ ಹೋಗು ತಮ್ಮಾ. ಹೊಲದ ಕಡೆ” ಎಂದರು. ಅದೇ ಸಮಯಕ್ಕೆ ಮೇಲಿನಿಂದ ಒಂದು ಹದ್ದು ಸುತ್ತು ಹಾಕುತ್ತ ವಿಮಾನದತ್ತ ಬರುವುದನ್ನು ಕಂಡು ನಾನು ಕೂಗಿದೆ. ಹುಡುಗ ಗಡಿಬಿಡಿ ಮಾಡಲಿಲ್ಲ. ವಿಮಾನವನ್ನು ದೂರಕ್ಕೆ ಹೊರಳಿಸಿ ಮೇಲೇರಿಸಿದನು. ಆ ಆಕಾಶ ಹದ್ದಿನದು, ನಾವು ಅತಿಥಿಗಳು. ಹಕ್ಕಿ ಸಮಾಧಾನಗೊಂಡು ಹೊರಟುಹೋಯಿತು. ಆದರೆ ಆ ದೊಡ್ಡ ತಿರುವಿನಿಂದ ವಿಮಾನವು ನಾವು ಎಂದೂ ಹುಡುಕದ ಕಡೆಗೆ ಹೋಗಿತ್ತು. ಅಲ್ಲಿ ಅವ್ವ ಇದ್ದಕ್ಕಿದ್ದಂತೆ, “ನಿಲ್ಲಸು! ನಮ್ಮ ಬಾಂವಿ!” ಎಂದರು.

ನಿಲ್ಲಿಸಲು ಅದು ಬಂಡಿಯಲ್ಲ. ಹುಡುಗ ಅದೇ ಸ್ಥಳದ ಮೇಲೆ ಸುತ್ತು ಹಾಕತೊಡಗಿದನು. ಒಣಗಿದ ಮಣ್ಣಿನ ನಡುವೆ ಹಚ್ಚಗಿನ ಹುಲ್ಲಿನದೊಂದು ಉಂಗುರ ಕಾಣುತ್ತಿದೆಯೆಂದು ಅವನು ಹೇಳಿದನು. ನಮ್ಮ ಮಣ್ಣಿನ ಬಾವಿ ಹೂಳು ತುಂಬಿ ನೆಲಕ್ಕೆ ಸಮನಾಗಿದ್ದರೂ ತನ್ನ ತೇವವನ್ನು ಮರೆತಿರಲಿಲ್ಲ. ನಾವಿಬ್ಬರೂ ಗೌಡರ ಕಲ್ಲುಬಾವಿಯನ್ನೇ ಗುರುತಾಗಿ ಹಿಡಿದು ಇಷ್ಟು ವರ್ಷ ಅಗೆದದ್ದು ತಪ್ಪು ಸ್ಥಳದಲ್ಲಿ. “ಆ ಬಾಂವಿಂದ ಮೂಡಣಕ್ಕ ನಲವತ್ತು ಹೆಜ್ಜಿ” ಎಂದರು ಅವ್ವ. ಸಮಾಧಿಯ ಬಳಿ ನೆಟ್ಟ ಬಿಲ್ವದ ಸಸಿಗೆ ಎರಡು ಬೇಸಿಗೆ ಕೊಡ ಹೊತ್ತು ನೀರು ಹಾಕಿದವರು ಅವರೇ. ಗಂಡುಮಕ್ಕಳಾದ ನಮಗೆ ಹೊಲದ ಎಕರೆ ಗುಂಟೆಗಳ ಲೆಕ್ಕ ಗೊತ್ತಿತ್ತು. ಆ ನಲವತ್ತು ಹೆಜ್ಜೆಯ ಲೆಕ್ಕವನ್ನು ನಾವು ಎಂದೂ ಅವರನ್ನು ಕೇಳಿರಲಿಲ್ಲ.

ಕಲ್ಲು

ಹುಡುಗ ಅಕ್ಷಾಂಶ ರೇಖಾಂಶಗಳನ್ನು ಬರೆದುಕೊಂಡು ವಿಮಾನವನ್ನು ಜೋಳದ ಕೂಳೆಯ ಮೇಲೆ ಹೊಟ್ಟೆಯೂರಿ ಇಳಿಸಿದನು. ಬ್ಯಾಟರಿ ಬದಲಿಸಿ ಇನ್ನೊಮ್ಮೆ ಹಾರಿಸಿದಾಗ ಅಣ್ಣ ಕಾವಲಿಗೆ ನಿಂತು, ನನಗೂ ಗಾಗಲ್ಸ್ ಸಿಕ್ಕಿತು. ಮೊದಲ ಕ್ಷಣ ತಲೆ ತಿರುಗಿತು. ದೇಹ ನೆಲದ ಮೇಲಿದ್ದು ದೃಷ್ಟಿ ಮಾತ್ರ ಆಕಾಶದಲ್ಲಿರುವುದು ವಿಚಿತ್ರ ಅನುಭವ. ವಿಮಾನ ತಗ್ಗಿಗಿಳಿದಾಗ ಚಿತ್ರದ ಮೇಲೆ ಬೂದಿ ಎರಚಿದಂತೆ ಚುಕ್ಕೆಗಳು ಕವಿಯುತ್ತಿದ್ದವು, ಮೇಲೇರಿದೊಡನೆ ತಿಳಿಯಾಗುತ್ತಿದ್ದವು. ನಾನು ಆಡಿ ಬೆಳೆದ ಊರು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿತ್ತು. ಇಷ್ಟು ಚಿಕ್ಕ ನೆಲದ ಮೇಲೆ ಎಷ್ಟು ಜಗಳ, ಎಷ್ಟು ಮದುವೆ, ಎಷ್ಟು ಜಾತ್ರೆ ಎನಿಸಿ ಗಂಟಲು ಕಟ್ಟಿತು.

ಅಣ್ಣನೂ ನಾನೂ ಸಲಿಕೆ ಹಿಡಿದು ನಡೆದೆವು. ಹಸಿರು ಉಂಗುರ ನೆಲದ ಮೇಲೆ ನಿಂತು ನೋಡಿದರೆ ಬರಿಯ ಕಳೆಯಾಗಿ ಕಂಡಿತು. ಅದರ ಮೇಲೆಯೇ ನಾವು ಹಲವು ಸಲ ನಡೆದು ಹೋಗಿದ್ದಿರಬೇಕು. ಮೂಡಣಕ್ಕೆ ನಲವತ್ತು ಹೆಜ್ಜೆ ಎಣಿಸಿದೆವು. ಹೆಣ್ಣುಮಗಳೊಬ್ಬಳು ಕೊಡ ಹೊತ್ತು ಇಡುವ ಹೆಜ್ಜೆ ನಮ್ಮದಕ್ಕಿಂತ ಚಿಕ್ಕದೆಂದು ಅಣ್ಣನಿಗೆ ಹೊಳೆದು, ತುಸು ಹಿಂದೆ ಸರಿದೆವು. ಒಂದು ಮೊಳ ಅಗೆದಾಗ ಸಲಿಕೆಗೆ ಕಲ್ಲು ತಾಗಿತು. ಕೈಯಿಂದ ಮಣ್ಣು ಸರಿಸಿದೆವು. ಲಿಂಗಮುದ್ರೆ ಹಾಗೆಯೇ ಇತ್ತು.

ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಅಣ್ಣ, “ಅವ್ವ ಹೇಳಿದ್ಹಾಂಗ ಮಾಡೂಣು” ಎಂದನು. ನಾನೂ ಒಪ್ಪಿದೆ.

ದಡಕ್ಕೆ ಮರಳಿ ಕೇಳಿದೆವು. ಹಿಂದಿನ ದಿನವಷ್ಟೇ ಅವರನ್ನು ಕೂಡಲಸಂಗಮಕ್ಕೆ ಕರೆದೊಯ್ದಿದ್ದೆವು. ಅಲ್ಲಿ ಬಸವಣ್ಣನವರ ಐಕ್ಯಸ್ಥಳ ನಾರಾಯಣಪುರದ ಹಿನ್ನೀರಿಗೆ ಸಿಕ್ಕಾಗ, ಸುತ್ತಲೂ ಬಾವಿಯಂತೆ ಎತ್ತರದ ಗೋಡೆ ಕಟ್ಟಿ, ಇದ್ದ ಸ್ಥಳದಲ್ಲೇ ಅದನ್ನು ಉಳಿಸಿಕೊಂಡಿದ್ದಾರೆ. ಭಕ್ತರು ನೀರಿನ ಮಟ್ಟಕ್ಕಿಂತ ಕೆಳಗೆ ಮೆಟ್ಟಿಲಿಳಿದು ದರ್ಶನ ಪಡೆಯುತ್ತಾರೆ. ಅವ್ವ ಅದನ್ನೇ ನೆನೆದರು.

“ಅಲ್ಲಿ ನಾಡೆಲ್ಲಾ ಕೂಡಿ ಗ್ವಾಡಿ ಕಟ್ಟಿತು. ನಮಗ ಯಾರು ಕಟ್ಟತಾರ? ಬ್ಯಾಡ. ಕಲ್ಲು ಒಯ್ದರ ಕಲ್ಲು ಬರತೈತಿ, ಅವರೇನು ಬರತಾರ? ಊರು ಅಲ್ಲೇ ಐತಿ, ಓಣಿ ಅಲ್ಲೇ ಐತಿ, ಅವರೂ ಅಲ್ಲೇ ಇರಲಿ. ನಾ ನೋಡಿದ್ನೆಲ್ಲಾ, ಸಾಕು.”

ಸ್ಥಾವರಕ್ಕೂ ಜಂಗಮಕ್ಕೂ ಇರುವ ಭೇದವನ್ನು ಶರಣರು ಎಂಟುನೂರು ವರ್ಷಗಳ ಹಿಂದೆಯೇ ಸಾರಿದರು. ಅದರ ಮೇಲೆ ನಾನು ಸಭೆಗಳಲ್ಲಿ ಮಾತಾಡಿದ್ದೂ ಉಂಟು. ಆ ಬೆಳಗು ಜಾಲಿಯ ನೆರಳಿನಲ್ಲಿ ಕುಳಿತ ಮುದುಕಿಯೊಬ್ಬರು, ಆ ಶಬ್ದಗಳನ್ನು ಬಳಸದೆಯೇ, ಅಣ್ಣ ತಮ್ಮಂದಿರ ಹಲವು ವರ್ಷಗಳ ವ್ಯಾಜ್ಯವನ್ನು ಮುಗಿಸಿದರು.

ನಾವು ಮತ್ತೆ ಹೋಗಿ ಕಲ್ಲಿಗೆ ವಿಭೂತಿ ಧರಿಸಿ, ಅವ್ವ ಕೊಟ್ಟ ಬಿಲ್ವಪತ್ರೆ ಏರಿಸಿ, ಮಣ್ಣನ್ನು ಮೊದಲಿನಂತೆ ಮುಚ್ಚಿ ಬಂದೆವು. ಕುರಿಗಾಹಿ ಹಿರಿಯರು ಅಲ್ಲಿಯೇ ಕುಳಿತಿದ್ದರು. ಇನ್ನೊಂದು ಬ್ಯಾಟರಿ ಉಳಿದಿದೆಯೇ, ತಮ್ಮ ಊರನ್ನೂ ಒಮ್ಮೆ ತೋರಿಸಬಹುದೇ ಎಂದು ಸಂಕೋಚದಿಂದ ಕೇಳಿದರು. ಆ ಊರಿದ್ದುದು ರಾಜಹಂಸಗಳಿದ್ದ ದಿಕ್ಕಿಗೆ. ಗಾಳಿಯೂ ಎದ್ದಿತ್ತು. ಹುಡುಗ ನನ್ನ ಮುಖ ನೋಡಿದನು. ಮರುದಿನ ನಸುಕಿನಲ್ಲಿ ಆಚೆಯ ದಡದಿಂದ, ಹಕ್ಕಿಗಳಿಗೆ ತೊಂದರೆಯಾಗದಂತೆ, ಹಾರಿಸಿ ತೋರಿಸುವುದಾಗಿ ಅವನು ಮಾತು ಕೊಟ್ಟನು. ಕೊಟ್ಟ ಮಾತಿನಂತೆ ನಡೆದನು.

ಮುಳುಗಡೆಯ ಊರುಗಳ ಬಂಧುಗಳು ಇನ್ನೂ ಅನೇಕರಿದ್ದಾರೆ. ಅವರಲ್ಲಿ ನನ್ನದೊಂದು ವಿನಂತಿ. ವಿಮಾನ ಇಲ್ಲದಿದ್ದರೂ ಚಿಂತೆಯಿಲ್ಲ. ವೈಶಾಖದಲ್ಲಿ, ಮಳೆನೀರು ಮರಳುವ ಮುನ್ನ, ಮನೆಯ ಹಿರಿಯರನ್ನು ಒಮ್ಮೆ ದಡಕ್ಕೆ ಕರೆದೊಯ್ಯಿರಿ. ಬಾವಿಯಿಂದ ಎಷ್ಟು ಹೆಜ್ಜೆ ಎಂದು ಅವರನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಶ್ರಾವಣದ ಹೊತ್ತಿಗೆ ನೀರು ಮತ್ತೆ ಎಲ್ಲವನ್ನೂ ಹೊದೆಯುತ್ತದೆ.